ದೋಣಿಗೆ ಹಗ್ಗ ತಂದದ್ದು

ಮಾವನ ಮನೆಯಿಂದ ಕೆಲವರಿಗೆ ಉಂಗುರ ಬರುತ್ತದೆ, ಕೆಲವರಿಗೆ ಮೋಟಾರ್ ಸೈಕಲ್. ಬಂದದ್ದನ್ನು ಬೇಡವೆನ್ನುವ ಧೈರ್ಯ ಮಾತ್ರ ಯಾವ ಅಳಿಯನಿಗೂ ಇರುವುದಿಲ್ಲ. ನನಗೆ ಬಂದದ್ದು ಹಾಯಿದೋಣಿ. ನಾನೋ ಬಸವಕಲ್ಯಾಣದವನು, ದಂಡೆಯಲ್ಲಿ ನಿಂತು ಕೆರೆ ನೋಡಿದ್ದೇ ನನ್ನ ಜಲಯಾನದ ಅನುಭವ. ಹೆಂಡತಿ ಸುವರ್ಣಳ ಅಣ್ಣ ಕಾರವಾರದಲ್ಲಿ ನೌಕರಿಯಲ್ಲಿದ್ದಾಗ ಇಬ್ಬರು ಕೂರುವಂಥ ಪುಟ್ಟ ದೋಣಿ ಕೊಂಡಿದ್ದ. ವರ್ಗವಾಗಿ ಚಿಟಗುಪ್ಪಕ್ಕೆ ಮರಳುವಾಗ ಅದನ್ನೂ ಲಾರಿಗೆ ಹೇರಿಕೊಂಡು ಬಂದ. ಮೋರಖಂಡಿಯಲ್ಲಿ ನಮ್ಮ ಕಾಕಾನ ಹೊಲಕ್ಕೆ ಹತ್ತಿಕೊಂಡೇ ಒಂದು ಕೆರೆಯಿದೆ ಎಂಬುದು ಅವನಿಗೆ ಗೊತ್ತಿತ್ತು. "ಅಲ್ಲೇ ಇಟ್ಟಿರ್ರಿ. ಐತವಾರ ಬಂದು ನೋಡ್ತೀನಿ. ನೆಟ್ಟಗ ಇದ್ರ ತಂಗಿಗೇ ಬಿಡ್ತೀನಿ, ಇಲ್ಲಂದ್ರ ಮಾರಿಬಿಡ್ತೀನಿ" ಎಂದ. ಸುವರ್ಣ ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ. ಆ ದಿನ ಮಾತ್ರ ದೋಣಿಯ ಅಂಚು ಸವರುತ್ತ, "ಇದು ನನಗ ಬೇಕ್ರಿ" ಎಂದಳು. ನನಗೆ ಸ್ವಲ್ಪ ಹೆದರಿಕೆಯೇ ಆಯಿತು.

ಹಳೆಯ ಹಗ್ಗ ಲಡ್ಡಾಗಿತ್ತು. ಹೊಸದು ತರುವುದು ನನ್ನ ಪಾಲಿಗೆ ಬಂತು. ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ಹಗ್ಗದ ಬಗ್ಗೆ ಎಷ್ಟು ಓದಿದೆನೆಂದರೆ, ಸಾಹೇಬರು ನನ್ನ ಮುಖ ನೋಡಿ ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ವಿಚಾರಿಸಿದರು. ನೂಲಿನ ಹಗ್ಗ ನೀರು ಕುಡಿದು ಕೊಳೆಯುತ್ತದೆ. ನೀಲಿ ಪ್ಲಾಸ್ಟಿಕ್ಕಿನದು ಬಿಸಿಲಿಗೆ ಪುಡಿಪುಡಿಯಾಗುತ್ತದೆ. ನೈಲಾನು ತುಸು ಹಿಗ್ಗುವುದರಿಂದ ದೋಣಿ ಅಲೆಗೆ ಜಗ್ಗಿದಾಗ ಪೆಟ್ಟು ತಾಳಿಕೊಳ್ಳುತ್ತದೆ. ಎಷ್ಟು ಸಡಿಲ ಬಿಡಬೇಕೆಂದೂ ಏನೋ ಉದ್ದಕ್ಕೆ ಬರೆದಿದ್ದರು. ಕೊಳ್ಳುವುದಕ್ಕೂ ಅದಕ್ಕೂ ಏನು ಸಂಬಂಧವೆಂದು ಮುಂದಕ್ಕೆ ಸರಿಸಿದೆ.

ಹುಮನಾಬಾದಿನಲ್ಲಿ ರಶೀದ್ ಚಾಚಾನ ಹಗ್ಗದಂಗಡಿಗೆ ಹೋದೆ. "ಎತ್ತಿಗೋ ಎಮ್ಮಿಗೋ ರೀ?" ಎಂದರು. ದೋಣಿಗೆ ಎಂದೆ. ಚಾಚಾ, "ಜಗ್ಗತದೇನ್ರಿ?" ಎಂದು ಕೇಳಿದರು.

"ಗಾಳಿ ಬಿಟ್ರ ಜಗ್ಗತದ."

"ಹಗ್ಗ ಕಡೀತದೇನು?"

"ಇಲ್ರಿ."

"ಹಂಗಾದ್ರ ಭಾಳ ಛಲೋ ಜಾನವಾರ ಅದ ಬಿಡ್ರಿ."

ಹೆಬ್ಬೆರಳು ಗಾತ್ರದ ನೈಲಾನ್ ಹಗ್ಗ ತೆಗೆದರು. ಅವರೊಂದು ತುದಿ ನಾನೊಂದು ತುದಿ ಹಿಡಿದು ಜಗ್ಗಿದೆವು. ಹರಿಯಲಿಲ್ಲ. ಮೊದಲನೆಯ ಸಲ ಒಂದು ವಸ್ತುವನ್ನು ಅರಿತು ಖರೀದಿಸಿದ್ದೇನೆಂಬ ಹಮ್ಮಿನಲ್ಲಿ ಬಸ್ಸು ಹತ್ತಿದೆ.

ಕಟ್ಟುವ ಕೆಲಸ ಕಾಕಾ ವಹಿಸಿಕೊಂಡ. ಹೊಸ ಎತ್ತು ತಂದರೆ ನಮ್ಮ ಕಡೆ ಮೊದಲ ಕೆಲವು ದಿನ ಗಿಡ್ಡ ಹಗ್ಗದಲ್ಲಿ ಕಟ್ಟುತ್ತಾರೆ; ಇಲ್ಲದಿದ್ದರೆ ಕಿತ್ತುಕೊಂಡು ಹಳೆಯ ಮನೆಯ ದಾರಿ ಹಿಡಿಯುತ್ತದೆ. "ಇದು ಕಾರವಾರದಾಗ ಬೆಳದದ್ದು ತಮ್ಮಾ. ಜಾಗಾ ರೂಢಿ ಆಗೋತನಾ ಗಿಡ್ಡ ಇರಲಿ" ಎಂದ ಕಾಕಾ, ನೀರಿನಂಚಿಗೆ ಎರಡು ಗೂಟ ಬಡಿದು, ದೋಣಿಯ ಮೂತಿಯನ್ನು ಒಂದರ ಬುಡಕ್ಕೆ, ಹಿಂಭಾಗವನ್ನು ಇನ್ನೊಂದರ ಬುಡಕ್ಕೆ ಬಿಗಿದ. ನಾನು ನಕ್ಕೆ. ಆದರೆ ನೋಡಲು ಬಹಳ ಅಚ್ಚುಕಟ್ಟಾಗಿತ್ತು, ಹಾಗೇ ಇರಲೆಂದೆ.

ಶನಿವಾರ ರಾತ್ರಿ ಮಳೆ ಹೊಡೆಯಿತು. ಐತವಾರ ಬೆಳಿಗ್ಗೆ ಸುವರ್ಣ, ಅವಳ ಅಣ್ಣ, ನಾನು ಹೋಗಿ ನೋಡಿದರೆ ಕೆರೆಯ ನೀರು ಉಕ್ಕಿ ಹೊಲದ ಬದುವಿಗೆ ಬಂದಿದೆ. ಏರಿದ ನೀರಿನ ಜೊತೆ ಮೇಲೇಳಲು ದೋಣಿಗೆ ಒಂದು ಗೇಣು ಹಗ್ಗವೂ ಇರಲಿಲ್ಲ. ವಾಲಿದ ಹಾಯಿಕಂಬದ ತುದಿಯೊಂದು ಮಾತ್ರ ನೀರಿನ ಮೇಲೆ ಕಾಣುತ್ತಿತ್ತು.

"ಎಲ್ಲೂ ಹೋಗಿಲ್ಲ ನೋಡು" ಎಂದ ಕಾಕಾ.

ಸುವರ್ಣಳ ಕಣ್ಣಲ್ಲಿ ನೀರಾಡಿತು. ಅವಳಣ್ಣ ನೀರಿಗಿಳಿದು ತಡಕಾಡಿ, "ಹಗ್ಗ ಯಾರ ತಂದದ್ದು?" ಎಂದ. "ನಾನೇ" ಎಂದೆ. "ಜರಾ ಹಲ್ಕಾ ಇದ್ರ ಹರೀತಿತ್ತು, ದೋಣಿ ತೇಲ್ತಿತ್ತು" ಎಂದ.

ಕಾಕಾನ ಎತ್ತುಗಳು ಅದೇ ಹಗ್ಗದಿಂದ ದೋಣಿಯನ್ನು ದಂಡೆಗೆ ಎಳೆದವು. ಗೀರು ಕೂಡ ಬಿದ್ದಿರಲಿಲ್ಲ. ಆದರೂ ಅಣ್ಣ ಮಾರುತ್ತೇನೆಂದು ಹಟ ಹಿಡಿದ. ಸುವರ್ಣ ಹಗ್ಗ ಬಿಚ್ಚಿ ತನ್ನ ಕೈಗೆ ಸುತ್ತಿಕೊಂಡು, "ಇನ್ನ ಮ್ಯಾಲ ನಾನೇ ಕಟ್ತೀನಿ. ಇವ್ರು ಮುಟ್ಟಂಗಿಲ್ಲ" ಎಂದಳು. ಆ ಷರತ್ತಿನ ಮೇಲೆ ದೋಣಿ ಉಳಿಯಿತು.

ಈಗ ಅವಳು ಗಾಳಿ ನೋಡಿಕೊಂಡು ಕೆರೆ ಸುತ್ತುತ್ತಾಳೆ. ನಾನು ದಂಡೆಯಲ್ಲಿ ಕೂತು, ನೋಡಲು ಬಂದವರಿಗೆಲ್ಲ ನೈಲಾನಿನ ಗುಣ ವಿವರಿಸುತ್ತೇನೆ. ಎಲ್ಲರೂ ತಲೆಯಾಡಿಸುತ್ತ ಪೂರ್ತಿ ಕೇಳುತ್ತಾರೆ. ಆಮೇಲೆ, ಎಷ್ಟು ಸಡಿಲ ಬಿಟ್ಟು ಕಟ್ಟಬೇಕೆಂದು ತಿಳಿಯಲು ಸುವರ್ಣ ದಂಡೆಗೆ ಬರುವುದನ್ನೇ ಕಾಯುತ್ತಾರೆ.