ಅಂಕಿಯನ್ನು ದನಿ ಮಾಡುವ ಡಬ್ಬಿ

ಹೆಚ್ಚು ಮಾತಾಡದವನ ಮನೆಯಲ್ಲಿ ಸದ್ದಿನ ವಿಷಯಕ್ಕೇ ಎಡವಟ್ಟುಗಳು ಆಗುತ್ತಿರುತ್ತವೆ. ನನ್ನ ಮನೆಯಲ್ಲಿ ತೊಂಬತ್ತರ ದಶಕದ ಕೊನೆಗೆ ಅವು ಒಂದರ ಹಿಂದೆ ಒಂದು ಆದವು. ಆದ ಕ್ರಮದಲ್ಲೇ ಬರೆಯುತ್ತೇನೆ. ಗಣಿತದ ಮೇಷ್ಟ್ರಾದ ನನಗೆ ಹಂತ ಬಿಟ್ಟು ಬರೆದರೆ ಅಂಕ ಕಳೆಯುವ ಅಭ್ಯಾಸ.

೧. ಕುಂಕುಮಕ್ಕೆ ಕರೆಯಲು ಬಂದದ್ದು

ಅವತ್ತು ಶ್ರಾವಣದ ಒಂದು ಗುರುವಾರ. ಶಾಲೆ ಮುಗಿಸಿ ಪಾಂಡವಪುರದ ಮನೆಗೆ ಬಂದು, ಕೈಕಾಲು ತೊಳೆದು, ಎಂದಿನಂತೆ ಟೇಪ್ ರೆಕಾರ್ಡರ್ ಹಚ್ಚಿ ಬಸ್ಸಾರಿಗೆ ಇಟ್ಟಿದ್ದೆ.

ಟೇಪಿಗೂ ಬಸ್ಸಾರಿಗೂ ಏನು ಸಂಬಂಧ ಎಂದರೆ, ಅದು ನನ್ನ ಹೆಂಡತಿಯ ಕ್ಯಾಸೆಟ್ಟು. ಒಂದು ಸಲ ಅವಳ ತಾಯಿ ಕಾಲು ಮುರಿದುಕೊಂಡರೆಂದು ಅವಳು ಹೊಣಕೆರೆ ಕಡೆಯ ತನ್ನ ತವರಿಗೆ ಒಂದು ತಿಂಗಳು ಹೋಗಬೇಕಾಯಿತು. ಬಸ್ಸಾರು ಮಾಡುವುದನ್ನು ಅಳತೆ ಸಮೇತ ಬರೆದುಕೊಡು ಎಂದೆ. "ಉಪ್ಪು ಎಷ್ಟು ಗ್ರಾಂ ಅಂತ ಕೇಳೋರಿಗೆ ಬರೆದುಕೊಡಕ್ಕಾಗಲ್ಲ, ಹೇಳ್ಕೊಡ್ಬೇಕು" ಎಂದು ಟೇಪಿಗೇ ಹೇಳಿಟ್ಟು ಹೋದಳು. ನಡುವೆ ನಾನು ಕೆಲಸ ಮಾಡಲು ಬಿಡುವು ಕೊಟ್ಟಿದ್ದಳು. "ಈಗ ಈರುಳ್ಳಿ ಹೆಚ್ಚಿ, ನಾನು ಕಾಯ್ತೀನಿ" ಎನ್ನುತ್ತಾಳೆ. ಆಮೇಲೆ ನಿಜವಾಗಿಯೂ ಸುಮ್ಮನೆ ಕಾಯುತ್ತಾಳೆ. ಬಳೆ ಸದ್ದು, ಹೊರಗೆ ಒಂದು ಕರು ಕೂಗುವುದು, ಅಷ್ಟೇ.

ಅವಳು ತೀರಿಹೋಗಿ ಆಗ ಎರಡು ವರ್ಷವಾಗಿತ್ತು. ಆರು ದಿನದ ಜ್ವರ. ಅವಳ ದನಿ ಇದ್ದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ಬಾಗಿಲು ತಟ್ಟಿದರು. ಹದಿನೈದು ದಿನದ ಹಿಂದೆ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ಹೆಣ್ಣುಮಗಳು, ಕೈಯಲ್ಲಿ ಕುಂಕುಮದ ಬಟ್ಟಲು.

"ನಾಳೆ ಹಬ್ಬ ಅಲ್ವಾ ಮೇಷ್ಟ್ರೇ, ಅಮ್ಮಾವ್ರನ್ನ ಕರೀರಿ."

"ಅವರು ಇಲ್ಲಮ್ಮ."

"ಅಯ್ಯೋ, ಈಗ್ ತಾನೆ ಸೊಪ್ಪು ಬಸೀರಿ ಅಂತ ನಿಮ್ಮನ್ನ ಬಯ್ತಿದ್ರಲ್ಲ! ದಿನಾ ಕೇಳಿಸ್ಕೋತೀನಿ. ಆಚೆಗೇ ಬರಲ್ಲ, ಬರೀ ಒಳಗಿಂದ್ಲೇ ಬಯ್ತಾರೆ ಅಂತ ನಮ್ಮನೆಯೋರ ತಾವ ಅಂತಿದ್ದೆ."

ಅದು ಟೇಪು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಟೇಪ್ ರೆಕಾರ್ಡರು ಒಳಗೆ ರೀಲನ್ನು ನುಂಗತೊಡಗಿತು. ನನ್ನ ಹೆಂಡತಿಯ ದನಿ ನಿಧಾನವಾಗಿ, ದಪ್ಪವಾಗಿ, ಕೊನೆಗೆ ಯಕ್ಷಗಾನದ ರಾಕ್ಷಸನ ಹಾಗೆ "ಈ... ರು... ಳ್ಳೀ..." ಎಂದು ಇಳಿಯಿತು.

ಆಕೆ ಬಟ್ಟಲು ಎದೆಗವಚಿಕೊಂಡು ಪಿಸುಗುಟ್ಟಿದಳು: "ಪಾಪ, ಅಮ್ಮಾವ್ರಿಗೆ ಸೀತ ಆಗೈತಾ? ಮೊದ್ಲೇ ಹೇಳ್ಬಾರ್ದಾ ಮೇಷ್ಟ್ರೇ, ಮೆಣಸಿನ ಕಷಾಯ ತತ್ತೀನಿ ತಾಳಿ."

ಕಷಾಯವನ್ನು ನಾನೇ ಕುಡಿದೆ. ವಿಷಯ ತಿಳಿದ ಮೇಲೆ ಆಕೆ ಒಂದು ವಾರ ನನ್ನ ಮುಖ ನೋಡಲಿಲ್ಲ.

೨. ತವರಿನ ಡಬ್ಬಿ

ಕೆ.ಆರ್. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವವನೊಬ್ಬ ನನ್ನ ಹಳೆಯ ಶಿಷ್ಯ. ಅವನಿಗೇ ಆಗ ತಲೆ ಅರ್ಧ ನರೆತಿತ್ತು. ಸುಕ್ಕಾದ ರೀಲನ್ನು ಬೆರಳಲ್ಲೇ ನೀವಿ, ಪೆನ್ಸಿಲ್ ಹಾಕಿ ಸುತ್ತಿ, ಹೇಳಿದ:

"ಮೇಷ್ಟ್ರೇ, ಇದು ಇನ್ನೊಂದೇ ಒಂದು ಕಿತಾ ಓಡೋದು. ಅಂಗೆ ಓಡೋ ಹೊತ್ತಿಗೆ ಸಿ.ಡಿ. ಮಾಡಿಸ್ಬುಡಿ. ಸಿ.ಡಿ.ನಾಗೆ ದನಿ ಇರಕಿಲ್ಲ, ಬರೀ ಅಂಕಿ ಇರ್ತವೆ. ಒಂದು ಸೆಕೆಂಡಿಗೆ ನಲವತ್ನಾಕು ಸಾವಿರದ ನೂರು. ಅಂಕಿ ಸವೆಯಕಿಲ್ಲ."

ಅಂಕಿ ಸವೆಯುವುದಿಲ್ಲ. ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಅದನ್ನು ಯಾರೂ ಹೇಳಿರಲಿಲ್ಲ.

"ಆದ್ರೆ ಅಂಕಿಯನ್ನ ಮತ್ತೆ ದನಿ ಮಾಡೋದು ಹೇಗಪ್ಪ? ಸಿ.ಡಿ. ಪ್ಲೇಯರ್ ತಗೊಳ್ಳೋ ಶಕ್ತಿ ನನಗಿಲ್ಲ."

"ನಾನಿಲ್ವಾ?" ಎಂದ.

ಎರಡು ವಾರ ಬಿಟ್ಟು ಹೋದೆ. ಮೇಜಿನ ಮೇಲೆ ಕಂಪ್ಯೂಟರಿನಿಂದ ಬಿಚ್ಚಿದ ಒಂದು ಸಿ.ಡಿ. ಡ್ರೈವು ಇತ್ತು. ಅದರ ಮುಂದಿನ ಗುಂಡಿ ಒತ್ತಿದರೆ ಕಂಪ್ಯೂಟರಿಲ್ಲದೆಯೂ ಸಿ.ಡಿ. ತಿರುಗುತ್ತದಂತೆ. ಅದರ ಹಿಂದಿನಿಂದ ಒಂದು ವೈರು ಸ್ಟೀಲಿನ ಊಟದ ಡಬ್ಬಿಯೊಂದಕ್ಕೆ ಹೋಗಿತ್ತು. ಡಬ್ಬಿಯೊಳಗೆ, ಕೆಟ್ಟ ಪ್ಲೇಯರಿನಿಂದ ಕಿತ್ತ ಒಂದು ಪುಟ್ಟ ಚಿಪ್. ಅಂಕಿಯನ್ನು ದನಿ ಮಾಡುವುದು ಅದೇ. ಡಬ್ಬಿಯ ಪಕ್ಕದಲ್ಲಿ ಹೆಡ್‌ಫೋನಿಗೆ ಒಂದು ತೂತು.

"ಸ್ಪೀಕರ್ ಬ್ಯಾಡಿ ಮೇಷ್ಟ್ರೇ. ಪಕ್ಕದ್ಮನೆಯೋರು ಮತ್ತೆ ಕುಂಕುಮ ತಂದಾರು."

ಅಂಗಡಿಯಲ್ಲಿದ್ದ ಭಜನೆಯ ಸಿ.ಡಿ. ಹಾಕಿ ಕಿವಿಗೆ ಕೊಟ್ಟ. ತಾಳದ ಸದ್ದಿನ ಹಿಂದೆ ಯಾರೋ ಉಸಿರು ತೆಗೆದುಕೊಂಡದ್ದೂ ಕೇಳಿತು.

ಆಗ ಒಳಗಿನಿಂದ ಅವನ ಹೆಂಡತಿ ಬಂದಳು. ಡಬ್ಬಿ ನೋಡಿದಳು. ತಿರುಗಿಸಿ, ತಳದಲ್ಲಿ ಕೊರೆಸಿದ್ದ ಹೆಸರು ನೋಡಿದಳು.

"ಇದು ನಮ್ ದೊಡ್ಡಪ್ಪ ಮದ್ವೇಲಿ ಮುಯ್ಯಿ ಕೊಟ್ಟಿದ್ ಡಬ್ಬಿ! ಎರಡ್ ವಾರದಿಂದ ಕೆಲಸದೋಳ ಮ್ಯಾಲೆ ಅನುಮಾನ ಪಡ್ತಿವ್ನಿ ನಾನು!"

ಶಿಷ್ಯ ಮೇಜಿನ ಕೆಳಗೆ ಬಿದ್ದಿಲ್ಲದ ಸ್ಕ್ರೂ ಹುಡುಕತೊಡಗಿದ. ನಾನು ಹೆಡ್‌ಫೋನ್ ತೆಗೆದು ಎದ್ದು ನಿಂತೆ.

"ನೀವ್ ಕೂತ್ಕಳಿ ಮೇಷ್ಟ್ರೇ," ಎಂದಳು. "ತೂತು ಬಿದ್ದದ್ದನ್ನ ಇಟ್ಕಂಡು ನಾನೇನ್ ಮಾಡ್ಲಿ? ತಗೊಂಡೋಗಿ. ಮುಚ್ಚಳ ಮಾತ್ರ ಕೊಟ್ಟೋಗಿ, ಅದಕ್ಕಿನ್ನೂ ತೂತು ಕೊರ್ದಿಲ್ಲ."

ಅಂದಿನಿಂದ ಆ ಡಬ್ಬಿಗೆ ನನ್ನ ಹಾಜರಿ ಪುಸ್ತಕವೇ ಮುಚ್ಚಳ.

೩. ಕಿವುಡು ಮೇಷ್ಟ್ರು

ಸಿ.ಡಿ. ಮಾಡಿಸಲು ಕ್ಯಾಸೆಟ್ಟನ್ನು ಶ್ರೀರಂಗಪಟ್ಟಣದ ಮದುವೆ ವಿಡಿಯೋದವನಿಗೆ ಕೊಟ್ಟಿದ್ದೆ. ಆ ಸೀಮೆಯಲ್ಲಿ ಸಿ.ಡಿ. ಬರೆಯುವ ಕಂಪ್ಯೂಟರು ಇದ್ದದ್ದು ಅವನ ಹತ್ತಿರ. ಮದುವೆ ಸಾಲು, ತಿಂಗಳಾಗುತ್ತದೆ ಎಂದ. ಅಲ್ಲಿಯವರೆಗೆ ಕಿಟಕಿ ಬಳಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಶಿಷ್ಯ ಕೊಟ್ಟ ಭಜನೆಯ ಸಿ.ಡಿ. ಕೇಳುತ್ತ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಪಕ್ಕದ ಮನೆಯಾಕೆ ಕಿಟಕಿಯಿಂದ ಕಂಡಳು. ಕರೆದಳು. ನನಗೆ ಕೇಳಲಿಲ್ಲ. ಎರಡು ದಿನದಲ್ಲಿ ಇಡೀ ಬೀದಿಗೆ ಮೇಷ್ಟ್ರ ಕಿವಿ ಹೋಗಿತ್ತು. ಹಾಲು ಹಾಕುವ ಗೌಡರು ಒಂದು ಗಜ ದೂರದಲ್ಲಿ ನಿಂತು "ಅರ್ಧಾ ಲೀಟ್ರಾ? ಒಂದ್ಲೀಟ್ರಾ?" ಎಂದು ಕೂಗುವ ಅಬ್ಬರಕ್ಕೆ ಹಸು ಬೆದರುತ್ತಿತ್ತು. ಹೆಡ್‌ಮಾಸ್ಟರು ಎದುರಿಗೆ ಕೂತೇ ಚೀಟಿಯಲ್ಲಿ ಬರೆದು ತೋರಿಸತೊಡಗಿದರು.

ನಾನು ತಿದ್ದಲು ಹೋಗಲಿಲ್ಲ. ಎರಡು ವರ್ಷದಿಂದ ಸಿಕ್ಕವರೆಲ್ಲ "ಹೆಂಗಿದ್ದೀರಿ ಮೇಷ್ಟ್ರೇ, ಒಬ್ರೇ ಆಗ್ಬುಟ್ರಲ್ಲ" ಎನ್ನುತ್ತಿದ್ದರು. ಕಿವುಡನಿಗೆ ಅದನ್ನು ಕೂಗಿ ಹೇಳಲು ಯಾರಿಗೂ ಮನಸ್ಸು ಬರುವುದಿಲ್ಲ.

ಹತ್ತನೇ ತರಗತಿಗೆ ಕಿರುಪರೀಕ್ಷೆ ಕೊಟ್ಟು ಕಿಟಕಿ ಕಡೆ ಮುಖ ಮಾಡಿ ನಿಂತಿದ್ದೆ. ಹಿಂದಿನ ಬೆಂಚಿನಿಂದ ಯಾವ ಸಂಕೋಚವೂ ಇಲ್ಲದ ದನಿ:

"ಲೇ, ಮೆತ್ತಗ್ಯಾಕ್ಲಾ ಹೇಳೀಯೆ? ಮೇಷ್ಟ್ರಿಗೆ ಕೇಳ್ಸಕಿಲ್ಲ ಕಣ್ಲಾ. ಜೋರಾಗ್ ಹೇಳು, ಈ ಸಾಲೋರೂ ಬರ್ಕತಾರೆ."

ಐದೂ ಉತ್ತರ ಜೋರಾಗಿಯೇ ಬಂದವು. ಮುಗಿಯುವವರೆಗೆ ಕಾದು, ತಿರುಗದೆಯೇ ಹೇಳಿದೆ: "ಮೂರನೇದು ತಪ್ಪು. ವರ್ಗಮೂಲ ತೆಗೆಯೋದು ಮರೆತಿದ್ದೀಯ."

ಅಲ್ಲಿಗೆ ನನ್ನ ಕಿವಿ ವಾಸಿಯಾಯಿತು.

೪. ದೈವಬಲ

ಕಿವಿ ಸರಿಯಾದರೆ ಆ ಡಬ್ಬಿ ಮತ್ತೇನು ಎಂದು ಪ್ರಶ್ನೆ ಎದ್ದಿತು. ಮೇಷ್ಟ್ರು ಕಂಪ್ಯೂಟರ್ ತಂದವ್ರೆ ಎಂದು ಬೀದಿ ತೀರ್ಮಾನಿಸಿತು. ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಯೂಟರ್ ಜಾತಕ ಹಾಕಿಕೊಡುತ್ತಿದ್ದ ಕಾಲ ಅದು. ಹಾಲಿನ ಗೌಡರು ಮಗಳು ಹುಟ್ಟಿದ ಗಳಿಗೆ ಬರೆದ ಚೀಟಿ ಹಿಡಿದು ಬಂದರು.

"ಗೌಡ್ರೇ, ಇದು ಜಾತಕ ಹೇಳಲ್ಲ. ಅಂಕಿಯನ್ನ ದನಿ ಮಾಡುತ್ತೆ, ಅಷ್ಟೇ."

"ಅದೇ ಕಣ್ರೀ. ಹುಟ್ಟಿದ್ ಗಂಟೆ ಅಂಕಿ ಅಲ್ವಾ?"

ತರ್ಕದಲ್ಲಿ ತಪ್ಪು ಹುಡುಕಲು ನನಗೆ ಕೊಂಚ ಹೊತ್ತು ಬೇಕಾಯಿತು. ಅಷ್ಟರಲ್ಲಿ ಅವರು ಚೀಟಿಯನ್ನು ಡಬ್ಬಿಗೆ ಒರಗಿಸಿ, ಹೆಡ್‌ಫೋನನ್ನು ಪೇಟದ ಮೇಲೇ ಏರಿಸಿ, ಗುಂಡಿ ಒತ್ತಿಯಾಗಿತ್ತು. ಭಜನೆ ಶುರುವಾಯಿತು. ಗೌಡರು ಕಣ್ಣು ಮುಚ್ಚಿದರು. ಎರಡು ಭಜನೆ ಮುಗಿಯುವವರೆಗೆ ಅಲ್ಲಾಡಲಿಲ್ಲ. ಆಮೇಲೆ ಹೆಡ್‌ಫೋನ್ ತೆಗೆದು, ಡಬ್ಬಿಗೆ ಕೈ ಮುಗಿದು, ಬೀದಿಗೆ ಹೋಗಿ ಮಗನಿಗೆ ಕೂಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

"ಆ ನಾಗಮಂಗ್ಲದೋರಿಗೆ ಒಪ್ಗೆ ಅಂತ ಏಳ್ಬುಡ್ಲಾ! ಹೆಣ್ಣಿಗೆ ದೈವಬಲ ಜಾಸ್ತಿ ಐತಂತೆ!"

ಮದುವೆ ಚೆನ್ನಾಗಿಯೇ ಆಯಿತು. ಊಟದ ಪಂಕ್ತಿಯಲ್ಲಿ ನನ್ನನ್ನು ಪುರೋಹಿತರ ಪಕ್ಕ ಕೂರಿಸಿದರು.

೫. ಖಾಲಿ ಜಾಗ

ಕೊನೆಗೂ ಒಂದು ಶನಿವಾರ ಸಿ.ಡಿ. ಕೈಗೆ ಬಂತು. "ರೀಲು ಎರಡು ಕಡೆ ತುಂಡಾಯ್ತು ಸಾರ್, ಕ್ಯಾಸೆಟ್ ಇನ್ನು ಉಪಯೋಗಕ್ಕಿಲ್ಲ. ಆದ್ರೆ ಪೂರ್ತಿ ಹಿಡ್ಕೊಂಡಿದ್ದೀನಿ," ಎಂದ ವಿಡಿಯೋದವನು.

ಭಾನುವಾರ ಬೆಳಿಗ್ಗೆ ಸೊಪ್ಪು, ಕಾಳು, ಈರುಳ್ಳಿ ಎಲ್ಲ ಇಟ್ಟುಕೊಂಡು, ಅಡುಗೆಮನೆಯವರೆಗೂ ಬರುವಂತೆ ಹೆಡ್‌ಫೋನಿನ ವೈರು ಉದ್ದ ಮಾಡಿಕೊಂಡು ಗುಂಡಿ ಒತ್ತಿದೆ.

ಮೊದಲು ನಾದಸ್ವರ ಬಂತು. ಅದರ ಮೇಲೆ ಅವಳು. ಎದುರಿಗೇ ನಿಂತ ಹಾಗೆ. "ರೀ, ಸೊಪ್ಪು ತೊಳೀರಿ. ಆಯ್ತಾ? ಕಾಳು ಹಾಕಿ. ಬೆಂತಾ? ಬಸೀರಿ. ಈಗ ಈರುಳ್ಳಿ ಹೆಚ್ಚಿ, ನಾನು ಕಾಯ್ತೀನಿ. ಆಯ್ತಾ? ಆಗಿರಲ್ಲ... ಕಾಯಿ ತುರೀರಿ. ರುಬ್ಬಿ. ಒಗ್ಗರಣೆ ಸೀದೋಯ್ತು ನೋಡಿ."

ನಾನಿನ್ನೂ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದೆ. ಅವಳು ಕಾಯಲೇ ಇಲ್ಲ.

ಪಕ್ಕದ ಮನೆಗೆ ಓಡಿ, ಫೋನು ಕೇಳಿ ಮಾಡಿದೆ.

"ಖಾಲಿ ಜಾಗ ಎಲ್ಲಾ ಕತ್ತರಿಸಿ ಕ್ಲೀನ್ ಮಾಡಿದ್ದೀನಿ ಸಾರ್," ಎಂದ ವಿಡಿಯೋದವನು ಸಂತೋಷದಿಂದ. "ಮದುವೆ ಕ್ಯಾಸೆಟ್ಟಿಗೂ ಅಂಗೇ ಮಾಡೋದು. ನಾದಸ್ವರ ನನ್ನ ಕಡೆಯಿಂದ, ಸುಮ್ನೆ."

"ಕತ್ತರಿಸಿದ್ದು ಎಲ್ಲಿದೆ?"

"ಕತ್ತರಿಸೋಕೆ ಮುಂಚಿಂದು ಕಂಪ್ಯೂಟರಿನಾಗೆ ಐತೆ. ಇವತ್ತು ಮಧ್ಯಾಹ್ನ ಅಳಿಸ್ಬುಡ್ತೀನಿ. ಇನ್ನೊಂದು ಮದ್ವೆ ತುಂಬ್ಬೇಕು, ಜಾಗ ಇಲ್ಲ."

"ಅಳಿಸಬೇಡಿ. ಬರ್ತಾ ಇದ್ದೀನಿ. ನನಗೆ ಆ ಖಾಲಿ ಜಾಗ ಬೇಕು."

"ಸಾರ್, ಇಷ್ಟು ಮದ್ವೆ ಮಾಡ್ಕೊಟ್ಟಿವ್ನಿ, ಖಾಲಿ ಬೇಕು ಅಂದೋರು ನೀವೇ ಮೊದ್ಲು."

ಸಿಕ್ಕ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ಹೋದೆ. ಇಳಿದ ಮೇಲೆ ಕಂಡಕ್ಟರ್ ಕೈ ತೋರಿಸಿ ನಕ್ಕ. ನನ್ನ ಕುತ್ತಿಗೆಯಲ್ಲಿ ಹೆಡ್‌ಫೋನು ಹಾಗೇ ಇತ್ತು, ವೈರು ಮೊಣಕಾಲಿನವರೆಗೆ ನೇತಾಡುತ್ತಿತ್ತು.

ಸ್ಟುಡಿಯೋದಲ್ಲಿ ತಮ್ಮ ವಿಡಿಯೋ ನೋಡಲು ಗಂಜಾಂ ಕಡೆಯ ಮದುವೆ ಮನೆಯವರು ಹನ್ನೆರಡು ಜನ ಕೂತಿದ್ದರು. ವಿಡಿಯೋದವನು, ಇದೇ ತಾನೇ ಸಾರ್ ಎಂದು ಎಲ್ಲರೆದುರಿಗೇ ದೊಡ್ಡ ಸ್ಪೀಕರಿಗೆ ಹಾಕಿಬಿಟ್ಟ.

"ಈಗ ಈರುಳ್ಳಿ ಹೆಚ್ಚಿ, ನಾನು ಕಾಯ್ತೀನಿ."

ಆಮೇಲೆ ಏನೂ ಇಲ್ಲ. ಬಳೆ ಸದ್ದು. ಕರು ಕೂಗಿದ್ದು. ಅವನು ಮುಂದಕ್ಕೆ ಓಡಿಸಲು ಕೈ ಹಾಕಿದ. ಬೇಡ ಎಂದು ಕೈ ಹಿಡಿದೆ. ಮದುವೆ ಮನೆಯವರೂ, ಏಕೆಂದು ತಿಳಿಯದಿದ್ದರೂ, ಸುಮ್ಮನೆ ಕೂತರು. ತುಂಬ ಹೊತ್ತಾಯಿತು. ಗಂಡಿನ ತಾಯಿಗೆ ತಡೆಯಲಾಗಲಿಲ್ಲ.

"ಅದ್ಯಾರವ್ವ ಅದು ಈರುಳ್ಳಿ ಹೆಚ್ತಾ ಇರೋರು? ಇಷ್ಟೊತ್ಗೆ ಒಂದ್ ಮದ್ವೆಗಾಗೋಷ್ಟು ಹೆಚ್ಬೋದಿತ್ತು!"

"ನಾನು," ಎಂದೆ.

ಆಗ ಸ್ಪೀಕರಿನಲ್ಲಿ ಅವಳು: "ಆಯ್ತಾ? ಆಗಿರಲ್ಲ. ಇನ್ನೂ ಎರಡು ಉಳಿದಿರ್ತವೆ. ಹೋಗ್ಲಿ ಬಿಡಿ. ಮೊದ್ಲು ಕಣ್ಣು ಒರೆಸ್ಕೊಳ್ಳಿ."

ಹನ್ನೆರಡು ಜನವೂ ಒಟ್ಟಿಗೆ ನನ್ನ ಮುಖ ನೋಡಿದರು. ನಾನು ಕರವಸ್ತ್ರ ತೆಗೆದು, ಹೇಳಿದಂತೆ ಮಾಡಿದೆ.

ಗಂಡಿನ ತಾಯಿ ತಮ್ಮ ಯಜಮಾನರ ಕಡೆ ತಿರುಗಿದರು. "ನೋಡಿದ್ರಾ? ಗಂಡಸು ಅಂದ್ರೆ ಹಿಂಗಿರ್ಬೇಕು. ಟೇಪಿನಾಗೆ ಏಳಿದ್ರೂ ಕೇಳ್ತಾವ್ರೆ. ನಾನು ಮುಂದೆ ನಿಂತ್ಕಂಡು ಏಳಿದ್ರೂ ನೀವು ಕೇಳಕಿಲ್ಲ!"

ಇಡೀ ಸ್ಟುಡಿಯೋ ನಕ್ಕಿತು. ನಾನೂ ನಕ್ಕೆ. ವಿಡಿಯೋದವನು ನಾದಸ್ವರ ತೆಗೆದು, ಒಂದು ಕ್ಷಣವನ್ನೂ ಕತ್ತರಿಸದೆ, ಹೊಸ ಸಿ.ಡಿ. ಬರೆದುಕೊಟ್ಟ.

ಸಂಜೆ ಮನೆಗೆ ಬಂದು ಗಡಿಯಾರ ಇಟ್ಟುಕೊಂಡು ನೋಡಿದೆ. ಈರುಳ್ಳಿಗೆ ಅವಳು ಕಾಯುವುದು ನಾಲ್ಕು ನಿಮಿಷ ಹತ್ತು ಸೆಕೆಂಡು.