ಅಪ್‌ಕಮಿಂಗ್ ವರ್ಗಾವಣೆ

ಇಂಥವು ನನಗೇ ಯಾಕೆ ಆಗುತ್ತವೆ ಎಂದು ಕೇಳಿಕೊಳ್ಳುವುದನ್ನು ಬಿಟ್ಟು ಕೆಲವು ವರ್ಷಗಳಾದವು. ಮನೆ ಪುತ್ತೂರಿನಲ್ಲಿ, ಇಂಗ್ಲಿಷ್ ಕಲಿಸುವುದು ಕೋಡಿಂಬಾಳದಾಚೆಯ ಶಾಲೆಯಲ್ಲಿ. ಹೋಗುವಾಗ ಎರಡು ಬಸ್ಸು, ಬರುವಾಗ ಎರಡು ಬಸ್ಸು. ಸೊಂಟ ಸೋತಿದೆ. ಊರಿಗೆ ವರ್ಗಾವಣೆ ಸಿಕ್ಕಿದರೆ ಸಾಕು, ಬೇರೇನೂ ಬೇಡ.

೧. ಪಾಠ

ಎಂಟನೇ ತರಗತಿಗೆ ‘ಅಪ್‌ಕಮಿಂಗ್’ ಹೇಳಿಕೊಡುತ್ತಿದ್ದೆ. “ಯಾವತ್ತೋ ಒಂದು ದಿನ ಬರುವುದಕ್ಕಲ್ಲ, ಇನ್ನೇನು ಬಂತು ಅನ್ನುವಂಥದ್ದಕ್ಕೆ ಈ ಮಾತು. ಅಪ್‌ಕಮಿಂಗ್ ಪರೀಕ್ಷೆ, ಅಪ್‌ಕಮಿಂಗ್ ಹಬ್ಬ. ಎಲ್ಲಿ, ಒಂದು ಉದಾಹರಣೆ ಹೇಳಿ.”

ಹುಡುಗಿಯೊಬ್ಬಳು ಎದ್ದಳು. “ಅಪ್‌ಕಮಿಂಗ್ ಟ್ರಾನ್ಸ್‌ಫರ್, ಸರ್.”

“ಯಾರದ್ದು?”

“ನಿಮ್ಮದೇ. ನಮ್ಮ ಅಕ್ಕ ಎಂಟನೇ ಕ್ಲಾಸಲ್ಲಿರುವಾಗ ಈ ಉದಾಹರಣೆ ನೀವೇ ಹೇಳಿಕೊಟ್ಟದ್ದಂತೆ.”

“ಅಕ್ಕ ಈಗ ಎಂತ ಮಾಡುದು?”

“ಬಿ.ಎಡ್. ಮುಗೀತು ಸರ್. ನಿಮ್ಮ ಜಾಗ ಖಾಲಿ ಆಗ್ಲಿಕ್ಕೆ ಕಾಯುದು.”

೨. ಬೋರ್ಡು

ನಮ್ಮ ಶಾಲೆಯ ಜಗಲಿಯಲ್ಲಿ ‘ಅಪ್‌ಕಮಿಂಗ್’ ಎಂಬ ತಲೆಬರಹದ ಒಂದು ಕಪ್ಪು ಹಲಗೆ. ಬರಲಿರುವ ಕಾರ್ಯಕ್ರಮಗಳನ್ನು ಅದರಲ್ಲಿ ಬರೆಯುವ ಕೆಲಸ ನನ್ನದು. ಅಳಿಸುವ ಅಧಿಕಾರ ಮಾತ್ರ ನನಗಿಲ್ಲ.

“ಸ್ವಾತಂತ್ರ್ಯೋತ್ಸವ ಮುಗಿದು ಮೂರು ತಿಂಗಳಾಯಿತು, ಅಳಿಸಲಾ ಸರ್?” ಎಂದು ಹೆಡ್ಮಾಸ್ತರರನ್ನು ಕೇಳಿದರೆ, “ಇರ್ಲಿ ಮಾರಾಯ್ರೆ, ಬರುವ ವರ್ಷ ಪುನಃ ಬರ್ತದಲ್ಲ!”

ತಪಾಸಣೆಗೆ ಬಂದ ಅಧಿಕಾರಿ ಹಲಗೆಯನ್ನು ಮೇಲಿನಿಂದ ಕೆಳಗೆ ಓದಿದರು. “ಇಲ್ಲಿ ಎಲ್ಲವೂ ಬರಲಿರುವುದೇ. ಆಗಿಹೋದದ್ದು ಯಾವುದೂ ಇಲ್ಲವೇ?”

“ಅದಕ್ಕೆ ಬೇರೆ ಬೋರ್ಡ್ ಕೇಳಿದ್ದೇವೆ ಸರ್,” ಎಂದರು ಹೆಡ್ಮಾಸ್ತರರು. “ಬರ್ಲಿಕ್ಕುಂಟು.”

೩. ಬೀಳ್ಕೊಡುಗೆ

ಈ ವರ್ಷ ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಪುತ್ತೂರು ಸಿಕ್ಕಿಯೇ ಬಿಟ್ಟಿತು. ಮನೆಯಿಂದ ನಡೆದು ಹೋಗುವ ದೂರ! ಈ ಶಾಲೆಯಿಂದ ಬಿಡುಗಡೆಯ ಆದೇಶವೊಂದು ಕೈಗೆ ಬರುವುದು ಬಾಕಿ.

ಹೆಡ್ಮಾಸ್ತರರಿಗೆ ಕಾಯುವ ತಾಳ್ಮೆ ಇರಲಿಲ್ಲ. “ವಾರ್ಷಿಕೋತ್ಸವದ ಶಾಮಿಯಾನ ಹೇಗೂ ಉಂಟು, ಮೈಕ್ ಉಂಟು, ಅತಿಥಿಗಳೂ ಇದ್ದಾರೆ. ನಿಮ್ಮ ಬೀಳ್ಕೊಡುಗೆಯನ್ನೂ ಅದರಲ್ಲೇ ಮುಗಿಸುವ. ಆರ್ಡರ್ ಬರ್ತದೆ ಬಿಡಿ.”

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಹೆಡ್ಮಾಸ್ತರರು ಮೈಕ್ ಹಿಡಿದು, “ಇಷ್ಟು ವರ್ಷದಲ್ಲಿ ಇವರು ಒಂದು ನಿಮಿಷ ತಡವಾಗಿ ಬಂದವರಲ್ಲ” ಎಂದರು. ನನಗೆ ತಪ್ಪಿದ ಬಸ್ಸುಗಳ ಕಥೆ ಗೊತ್ತಿದ್ದ ಮಕ್ಕಳೂ ಚಪ್ಪಾಳೆ ತಟ್ಟಿದರು. ನಾನು ನಿಜವಾಗಿಯೂ ಅತ್ತುಬಿಟ್ಟೆ.

ಎರಡು ದಿನ ಬಿಟ್ಟು ಆದೇಶ ಬಂತು: ಬದಲಿ ಶಿಕ್ಷಕರು ಬರುವವರೆಗೆ ಬಿಡುಗಡೆ ಇಲ್ಲ.

ಮರುದಿನ ಅದೇ ಬಸ್ಸು. ಕಡಬದಲ್ಲಿ ಎರಡನೆಯ ಬಸ್ಸು ತಪ್ಪಿತು. ದುಃಖವೋ ನಾಚಿಕೆಯೋ, ತಲೆ ತಗ್ಗಿಸಿಕೊಂಡು ಗೇಟು ದಾಟಿದೆ. ಹೆಡ್ಮಾಸ್ತರರು ಜಗಲಿಯಲ್ಲೇ ನಿಂತಿದ್ದರು. ಎರಡು ಸಮಾಧಾನದ ಮಾತು ಹೇಳಿಯಾರು ಅಂದುಕೊಂಡೆ. ಅವರು ಗಡಿಯಾರ ನೋಡಿದರು.

“ಇಪ್ಪತ್ತು ನಿಮಿಷ ಲೇಟು! ಊರವರ ಎದುರು ನಿಮ್ಮನ್ನು ಅಷ್ಟು ಹೊಗಳಿದ್ದೇನೆ. ಇನ್ನಾದರೂ ನನ್ನ ಮರ್ಯಾದೆ ಸ್ವಲ್ಪ ನೋಡಿ ಮಾರಾಯ್ರೆ.”