ಅಕ್ಕನ ಕೋರ್ಟಿನಲ್ಲಿ ನನ್ನ ಫೋಟೋ

ಟಿವಿ ಮುಂದೆ ಸುಮ್ಮನೆ ಕೂತವರಿಗೆ ಏನೂ ಆಗುವುದಿಲ್ಲ ಅಂತ ನೀವು ನಂಬಿದ್ದರೆ, ಒಂದು ಶುಕ್ರವಾರ ಕೊಲ್ಲಿ ನಾಡಿನ ಅಬು ಹಲೀಫಾದಲ್ಲಿರುವ ನಮ್ಮ ಅಕ್ಕನ ಮನೆಗೆ ಬನ್ನಿ. ಅಲ್ಲಿ ಟಿವಿಯಲ್ಲಿ ಶುರುವಾದದ್ದು ಸೋಫಾದ ಮೇಲೆ ಮುಗಿಯುತ್ತದೆ. ಈ ಸಲ ಬಂದದ್ದು ಅಮೆರಿಕದ ಒಂದು ಕೊಲೆ ಕೇಸು. ಒಬ್ಬ ಹೆಸರಾಂತ ಕರಿಯ ಆಟಗಾರ, ಅವನ ಮೇಲೆ ಕೊಲೆ ಆರೋಪ, ತಿಂಗಳುಗಟ್ಟಲೆ ವಿಚಾರಣೆ, ಕರಿಯರು ಬಿಳಿಯರು ಅಂತ ಇಡೀ ದೇಶ ಎರಡು ಪಾಲು. ಎಲ್ಲವನ್ನೂ ಸಾಕ್ಷ್ಯಚಿತ್ರ ಮಾಡಿ ಕಂತುಕಂತಾಗಿ ಬಿಟ್ಟಿದ್ದರು. ವಾರಕ್ಕೆ ಒಂದೇ ಕಂತು ಅಂತ ಅಕ್ಕನ ಕಾನೂನು.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕಪ್ಪು. ಮದುವೆ ಜಾಹೀರಾತಿನ ‘ಎಣ್ಣೆಗೆಂಪು’ ಕೂಡ ನನ್ನನ್ನು ನೋಡಿದರೆ ಹಿಂದೆ ಸರಿಯುತ್ತದೆ. ನನಗೇನೂ ಬೇಸರವಿಲ್ಲ, ಕನ್ನಡಿಯಲ್ಲಿ ಚಂದವೇ ಕಾಣುತ್ತೇನೆ. ಬೇಸರ ಅಕ್ಕನಿಗೆ. ಬಂದ ಸಂಬಂಧಗಳೆಲ್ಲ ಫೋಟೋ ಹೋದ ಮರುದಿನವೇ ‘ಜಾತಕ ಕೂಡುವುದಿಲ್ಲ’ ಅನ್ನುತ್ತಿದ್ದವು. ನಾವು ಜಾತಕ ಕಳಿಸಿಯೇ ಇರುತ್ತಿರಲಿಲ್ಲ!

ಹತ್ತು ನಿಮಿಷದ ತೀರ್ಪು

ಮೊದಲ ಕಂತು ಶುರುವಾಗಿ ಹತ್ತು ನಿಮಿಷ ಆಗಿರಬಹುದು.

“ಇವನೇ ಮಾಡಿದ್ದು,” ಅಂದಳು ಅಕ್ಕ.

“ಇನ್ನೂ ಕೋರ್ಟೇ ಶುರುವಾಗಿಲ್ಲ ಮಾರಾಯ್ತಿ,” ಅಂದರು ಭಾವ.

“ಮುಖ ನೋಡಿದ್ರೆ ಗೊತ್ತಾಗುದಿಲ್ವಾ?”

ಅಕ್ಕನ ಮಗಳು ಮೊಬೈಲ್ ಕೆಳಗಿಟ್ಟಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷ್. “ಅಮ್ಮಾ, ದಟ್ಸ್ ದ ಹೋಲ್ ಪ್ರಾಬ್ಲಂ!”

ಪಕ್ಕದ ಫ್ಲ್ಯಾಟಿನ ಬ್ಯಾರಿ ಸಾಹೇಬರು, ನಮ್ಮ ಕರಾವಳಿಯವರೇ, ಪ್ರತಿ ಶುಕ್ರವಾರ ಸಮೋಸದ ಪೊಟ್ಟಣ ಹಿಡಿದು ಬರುವವರು. ಅತ್ತರಿನ ಅಂಗಡಿ ನಡೆಸುವ ಸಮಾಧಾನದ ಮನುಷ್ಯ. ಎಲ್ಲ ಕೇಳಿಸಿಕೊಂಡ ಅವರು, ನಮ್ಮ ಕಡೆಯವರು ಯಾರನ್ನು ಕಂಡರೂ ಮೊದಲು ಕೇಳುವ ಪ್ರಶ್ನೆ ಕೇಳಿದರು. “ಈ ಜನ ಊರಲ್ಲಿ ಎಲ್ಲಿಯವ?”

“ಸಾಹೇಬ್ರೇ, ಅವ ಅಮೆರಿಕದವ!” ಅಂದೆ.

“ಆಯ್ತಪ್ಪ, ಅಮೆರಿಕದಲ್ಲಿ ಎಲ್ಲಿ? ನನ್ನ ಅಳಿಯನ ತಮ್ಮ ಅಲ್ಲೇ ಇದ್ದಾನೆ. ಒಂದು ಫೋನ್ ಹಾಕಿದ್ರೆ ಜನ ಹೇಗೆ ಅಂತ ಈಗಲೇ ಗೊತ್ತಾಗ್ತದೆ. ಕೋರ್ಟು ಗೀರ್ಟು ಎಂತಕ್ಕೆ?”

ಭಾವನ ಬೆರಳು

ಇನ್ನೊಂದು ವಾರ ಜ್ಯೂರಿ ಆರಿಸುವ ಕಂತು. ಕರಿಯರೆಷ್ಟು, ಬಿಳಿಯರೆಷ್ಟು ಅಂತ ಎರಡೂ ಕಡೆಯ ವಕೀಲರು ಕಿತ್ತಾಡುತ್ತಿದ್ದರು. ಭಾವ ಕೆಂಡವಾದರು. “ನಮ್ಮವ ಅಂತ ಬಿಡುದು, ನಮ್ಮವ ಅಲ್ಲ ಅಂತ ಹಿಡಿಯುದು! ಇದೆಂತ ನ್ಯಾಯ? ಛೆ!”

ಸಾಹೇಬರು ಚಹಾ ಊದುತ್ತಾ ನನ್ನ ಮುಖ ನೋಡಿದರು. ಕಳೆದ ವಾರವಷ್ಟೇ ಪಾರ್ಕಿಂಗ್ ಜಾಗದಲ್ಲಿ ನಮ್ಮ ಹುಡುಗರ ಕ್ರಿಕೆಟ್ ನಡೆದಿತ್ತು. ಭಾವ ಅಂಪೈರ್. ಒಬ್ಬನ ನಡುಸ್ಟಂಪು ಹಾರಿ ಕಸದ ಡಬ್ಬದ ಹತ್ತಿರ ಬಿತ್ತು. ಬೌಲರ್ ಕುಣಿದ, ಬ್ಯಾಟ್ಸ್‌ಮನ್ ತಾನಾಗಿಯೇ ಹೊರಟ. ಭಾವನ ಬೆರಳು ಮಾತ್ರ ಮೇಲೇಳಲಿಲ್ಲ. “ನಿಲ್ಲೋ, ನೋಬಾಲ್!” ಅಂತ ಅವನನ್ನು ವಾಪಸ್ ಕರೆದರು.

“ಭಾವ, ಆ ಬ್ಯಾಟ್ಸ್‌ಮನ್ ನಿಮ್ಮೂರು ಕಾಪುವಿನವನೇ ಅಲ್ವಾ?” ಅಂತ ಮೆಲ್ಲಗೆ ಕೇಳಿದೆ.

“ಅದು ಬೇರೆ ವಿಷಯ,” ಅಂದರು ಭಾವ. “ಅವ ನಿಜವಾಗಿಯೂ ಒಳ್ಳೆ ಹುಡುಗ.”

ಬಣ್ಣ ಮುಟ್ಟಿದವರು

ಆಮೇಲೊಂದು ಕಂತಿನಲ್ಲಿ ಬಂತು ನೋಡಿ ಆ ವಿಷಯ. ಯಾವುದೋ ಪತ್ರಿಕೆಯವರು ಆರೋಪಿಯ ಫೋಟೋವನ್ನು ಇದ್ದದ್ದಕ್ಕಿಂತ ಕಪ್ಪು ಮಾಡಿ ಮುಖಪುಟದಲ್ಲಿ ಹಾಕಿದ್ದರಂತೆ. ಅಕ್ಕ ಸೋಫಾದಿಂದ ಎದ್ದೇಬಿಟ್ಟಳು.

“ಇವರ ಕೈ ಸೇದಿ ಹೋಗ! ದೇವರು ಕೊಟ್ಟ ಬಣ್ಣ ಮುಟ್ಟುವುದಕ್ಕೆ ಇವರು ಯಾರು?”

ಅಷ್ಟರಲ್ಲಿ ಅವಳಿಗೊಂದು ಫೋನ್ ಬಂತು. ಇಲ್ಲೇ ರುಮೈಥಿಯಾದಿಂದ, ನನಗೆ ನೋಡುತ್ತಿದ್ದ ಹುಡುಗಿಯ ಅಮ್ಮ. ಹುಡುಗಿ ಕ್ಲಿನಿಕ್ಕೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಹಿರಿಯರ ಒಪ್ಪಿಗೆಯಿಂದ ಅವಳ ಜೊತೆ ನಾನು ಫೋನಿನಲ್ಲಿ ಮಾತಾಡಿದ್ದೆ. ಅವಳ ನಗು ಕೇಳಿದ ಮೇಲೆ ಬೇರೆ ಸಂಬಂಧವೇ ಬೇಡ ಅನ್ನಿಸಿಬಿಟ್ಟಿತ್ತು. “ಫೋಟೋ ಭಾರೀ ಚಂದ ಉಂಟು, ಬರುವ ಶುಕ್ರವಾರ ಬರ್ತೇವೆ,” ಅಂದರಂತೆ ಆ ಅಮ್ಮ.

ಫೋಟೋ ಚಂದ ಉಂಟಾ! ನನಗೆ ಸಂಶಯ ಬಂತು. “ಯಾವ ಫೋಟೋ ಕಳಿಸಿದ್ದಿ, ತೋರಿಸು.”

ಇದೇ ಹಾಲ್‌ನಲ್ಲಿ, ಗೋಡೆಯ ಕೃಷ್ಣನ ಪಟದ ಕೆಳಗೆ ತೆಗೆದದ್ದು. ಅಂಗಿ ನನ್ನದೇ. ಮುಖ ನೋಡಿದರೆ ಸುಣ್ಣ ಬಳಿದ ಗೋಡೆಯ ಹಾಗೆ.

“ಯಾರಿದು?”

“ನೀನೇ ಮಾರಾಯ. ಆ್ಯಪ್‌ನಲ್ಲಿ ಒಂಚೂರು ಬೆಳಕು ಜಾಸ್ತಿ ಮಾಡಿದೆ ಅಷ್ಟೆ.”

“ಅಕ್ಕಾ, ಈಗಷ್ಟೇ ಆ ಪತ್ರಿಕೆಯವರಿಗೆ ಶಾಪ ಹಾಕಿದ್ದಿಯಲ್ಲ!”

“ಅವರು ಕಪ್ಪು ಮಾಡಿದ್ದು, ನಾನು ಬೆಳ್ಳಗೆ ಮಾಡಿದ್ದು. ಎರಡೂ ಒಂದೇಯಾ?”

ತೀರ್ಪಿನ ದಿನ

ಆ ವಾರವಿಡೀ ನನಗೆ ಹೆದರಿಕೆ. ಬಣ್ಣಕ್ಕಲ್ಲ. ಮೋಸಗಾರ ಅಂದುಕೊಂಡು ಆ ಹುಡುಗಿ ಎದ್ದು ಹೋದರೆ ಎಂತ ಮಾಡುವುದು?

ಶುಕ್ರವಾರ ಅಕ್ಕ ಪರದೆಗಳನ್ನೆಲ್ಲ ಎಳೆದಳು, ಟ್ಯೂಬ್‌ಲೈಟ್ ಆರಿಸಿದಳು. ಮಟಮಟ ಮಧ್ಯಾಹ್ನ ಮನೆಯಲ್ಲಿ ಕತ್ತಲೆ. ಬಂದವರು ತಡವರಿಸಿ ಕೂತರು. ಆ ಕೇಸಿನ ಕಂತು ಓಡುತ್ತಿದ್ದ ಟಿವಿಯನ್ನು ಆರಿಸುವುದು ಮಾತ್ರ ಅವಳಿಗೆ ಮರೆತುಹೋಗಿತ್ತು.

“ಓ, ಇದನ್ನು ನಾನೂ ನೋಡ್ತಾ ಇದ್ದೇನೆ,” ಅಂದಳು ಹುಡುಗಿ. “ಫೋಟೋದ ಬಣ್ಣ ಬದಲಿಸಿದ ಕಂತು ನೋಡಿದ್ರಾ?”

ನನಗೆ ತಡೆಯಲಾಗಲಿಲ್ಲ. ಎದ್ದುಹೋಗಿ ಪರದೆ ಸರಿಸಿ, ಬಿಸಿಲಿಗೆ ಮುಖ ಕೊಟ್ಟು ನಿಂತೆ. “ನಿಮಗೆ ಬಂದ ಫೋಟೋ ಸುಳ್ಳು. ನಾನು ಇರುವುದು ಹೀಗೆ.”

“ಗೊತ್ತು,” ಅಂದಳು. ಬೆರಳು ಗೋಡೆಯ ಮೇಲಿನ ಪಟಕ್ಕೆ ಹೋಯಿತು. “ಆ ಫೋಟೋದಲ್ಲಿ ಈ ಕೃಷ್ಣನೂ ಬೆಳ್ಳಗಿದ್ದ. ದೇವರನ್ನೇ ಅಷ್ಟು ಬೆಳ್ಳಗೆ ಮಾಡಿದ್ದಾರೆ ಅಂದ ಮೇಲೆ, ಹುಡುಗ ಎಷ್ಟು ಕಪ್ಪಿರಬಹುದು ಅಂತ ಅಂದಾಜು ಮಾಡಿಕೊಂಡೇ ಬಂದೆ.”

ಭಾವ ಬಾಯಿಗೆ ಕರ್ಚೀಫ್ ಹಿಡಿದರು. ಅಕ್ಕ ಕೃಷ್ಣನಿಗೆ ಕೈ ಮುಗಿದಳು.

“ಮತ್ತೆ ಬಂದದ್ದು ಯಾಕೆ?” ಅಂತ ಕೇಳಿದೆ.

“ಫೋನಿನಲ್ಲಿ ಮಾತು ಕೇಳಿದ್ದೆನಲ್ಲ. ಆ ಬಿಳಿ ಮುಖ ಆ ಮಾತಿಗೆ ಹೊಂದ್ತಾ ಇರಲಿಲ್ಲ. ಇದು ಹೊಂದ್ತದೆ.”

ನನಗಾದ ಖುಷಿ ಹೇಳಿ ಮುಗಿಯುವುದಲ್ಲ. ಎಲ್ಲರೂ ಒಪ್ಪಿ, ಬಾಯಿ ಸಿಹಿ ಮಾಡಿಕೊಂಡೆವು. ಊರಲ್ಲಿರುವ ಅಮ್ಮನಿಗೆ ಕಳಿಸಬೇಕು ಅಂತ ಅಕ್ಕ ನಮ್ಮಿಬ್ಬರನ್ನು ಅದೇ ಪಟದ ಕೆಳಗೆ ನಿಲ್ಲಿಸಿ ಫೋಟೋ ತೆಗೆದಳು. ತೆಗೆದವಳೇ ಅಭ್ಯಾಸಬಲದಿಂದ ಫೋನಿನ ಮೇಲೆ ಬೆರಳು ಆಡಿಸತೊಡಗಿದಳು.

ಹುಡುಗಿ ಮೆಲ್ಲಗೆ ಅವಳ ಕೈ ಹಿಡಿದಳು. “ಅಕ್ಕಾ, ಬಿಡಿ. ಸಾಕ್ಷ್ಯ ತಿರುಚಿದ್ರೆ ಈ ಸಲ ಕೇಸ್ ಹಾಕುವುದು ಕೃಷ್ಣನೇ!”